ಹೊಡಿಯೋ ಬಟನ್ ಯಾವ್ದು? ಶಹಾಪುರದ ಗೇಮ್ ಅಂಗಡಿಯಲ್ಲಿ ಕಲಿತ ಹತ್ತು ಪಾಠ

ಶಹಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಮುಂದಿನ ಅರ್ಧ ಝೆರಾಕ್ಸು, ಆನ್‌ಲೈನ್ ಅರ್ಜಿ. ಪರದೆ ಸರಿಸಿ ಒಳಗೆ ಹೋದರೆ ಗೇಮು. ನಮ್ಮ ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಹೊಸ ಜಿಲ್ಲೆ ಎಂದರೆ ಹೊಸ ಕಚೇರಿ, ಹೊಸ ಕಚೇರಿ ಎಂದರೆ ಹೊಸ ಅರ್ಜಿ ಎಂದು ಲೆಕ್ಕ ಹಾಕಿ ಮರುವರ್ಷ ಎರಡು ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಅರ್ಜಿ ತುಂಬಲು ಬಂದವರ ಮಕ್ಕಳು ಗಲಾಟೆ ಮಾಡದಿರಲಿ ಎಂದು ಹೈದರಾಬಾದಿನಿಂದ ಒಂದು ಹಳೆಯ ಪ್ಲೇಸ್ಟೇಷನ್ 2 ತಂದಿಟ್ಟೆ. ಅರ್ಜಿಯವರು ಈಗ ಫೋನಿನಲ್ಲೇ ತುಂಬಿಕೊಳ್ಳುತ್ತಾರೆ. ಉಳಿದವರು ಮಕ್ಕಳು.

ಯಾದಗಿರಿ ಸ್ಟೇಷನ್ ಕಡೆ ನನ್ನ ಸಡ್ಡಕನದೊಂದು ಗೇಮ್ ಅಂಗಡಿ ಇದೆ. ಸುರಪುರದಲ್ಲಿ ಗೆಳೆಯನೊಬ್ಬ ಮೊಬೈಲ್ ರಿಪೇರಿಯ ಜೊತೆಗೆ ನಾಲ್ಕು ಕುರ್ಚಿ ಹಾಕಿ ಆಡಿಸುತ್ತಾನೆ. ಮೂರೂ ಕಡೆ ಮಷೀನು ಕೆಟ್ಟರೆ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಬಸ್ಸು ಹತ್ತುವವನು ನಾನೇ. ಹೀಗೆ ತಿರುಗುವಾಗ ಒಂದು ಸಂಗತಿ ಕಂಡಿತು. ಆಟದ ಕಥೆ ಚೆನ್ನಾಗಿಲ್ಲ, ಚಿತ್ರ ಚೆನ್ನಾಗಿಲ್ಲ ಎಂದು ಯಾರೂ ಕಾಲರ್ ಹಿಡಿಯುವುದಿಲ್ಲ. ಹಿಡಿಯುವುದು ಒಂದೇ ಮಾತಿಗೆ: ‘ನಾ ಒತ್ತೀನಿ, ಅದು ಹೊಡೀಲಿಲ್ಲ.’

ಅದರಲ್ಲೂ ಆಕ್ಷನ್ ಆರ್‌ಪಿಜಿ ಎನ್ನುವ ಜಾತಿಯ ಆಟಗಳಲ್ಲಿ ಈ ಜಗಳ ಜಾಸ್ತಿ. ಸರದಿಯ ಪ್ರಕಾರ ಆಡುವ ಆಟದಲ್ಲಿ ಗೆಲ್ಲುವುದು ಪಾತ್ರದ ಬಲ. ನಮ್ಮ ಕೈಗೆ ಅವಸರವಿಲ್ಲ. ಬರೀ ಗುದ್ದಾಟದ ಆಟದಲ್ಲಿ ಗೆಲ್ಲುವುದು ಕೈ. ಇಲ್ಲಿ ಎರಡೂ ಬೆರೆತಿವೆ. ಪಾತ್ರ ದಿನದಿನಕ್ಕೆ ಬೆಳೆಯುತ್ತದೆ, ಕತ್ತಿ ಹರಿತವಾಗುತ್ತದೆ, ಆದರೆ ಆ ಕತ್ತಿಯನ್ನು ಬೀಸಬೇಕಾದದ್ದು ನಮ್ಮ ಬೆರಳು. ಸೋತಾಗ ತಪ್ಪು ಯಾರದು? ಪಾತ್ರದ್ದೋ, ಕೈಯದೋ, ರಿಮೋಟಿನದೋ, ಅಂದರೆ ಕೈಯಲ್ಲಿ ಹಿಡಿಯುವ ಕಂಟ್ರೋಲರಿನದೋ? ಆ ಅನುಮಾನಕ್ಕೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಕೈಗೂ ಒಂದು ತವರೂರು ಇರುತ್ತದೆ

ಶಹಾಪುರದ ನನ್ನ ಹುಡುಗರು ಪ್ಲೇಸ್ಟೇಷನ್ 2ರಲ್ಲಿ ಕೈ ಕಲಿತವರು. ಅವರಿಗೆ ಹೊಡೆತ ಎಂದರೆ ಬಲ ಹೆಬ್ಬೆರಳಿನ ಕೆಳಗಿರುವ ಚೌಕ, ನಮ್ಮ ಅಂಗಡಿಯ ಭಾಷೆಯಲ್ಲಿ ‘ಡಬ್ಬಿ’. ಯಾದಗಿರಿಯ ಅಂಗಡಿಯಲ್ಲಿ ಮೊದಲು ಬಂದದ್ದು ಕಂಪ್ಯೂಟರು. ಅಲ್ಲಿಯವರಿಗೆ ಹೊಡೆತ ಎಂದರೆ ಮೌಸಿನ ಎಡ ಕ್ಲಿಕ್. ಸುರಪುರದವರು ಫೋನಿನಲ್ಲೇ ಶುರು ಮಾಡಿದವರು. ಅವರಿಗೆ ಹೊಡೆತ ಎಂದರೆ ಗಾಜಿನ ಬಲ ಮೂಲೆ. ಮೂರೂರ ಮೂವರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಎಲ್ಡನ್ ರಿಂಗ್ ಎಂಬ ಆಟ ಹಚ್ಚಿಕೊಟ್ಟರೆ ಮೂವರೂ ಒಂದೇ ಮಾತು ಹೇಳುತ್ತಾರೆ: ಇದರ ಕಂಟ್ರೋಲ್ ಸರಿ ಇಲ್ಲ. ಕಾರಣ ಮಾತ್ರ ಮೂರು.

ಗಾಡ್ ಆಫ್ ವಾರ್ ಆಟದಲ್ಲಿ ಇದನ್ನು ಕಣ್ಣಾರೆ ಕಂಡೆ. 2005ರ ಮೊದಲ ಆಟದಲ್ಲಿ ಡಬ್ಬಿ ಒತ್ತಿದರೆ ಸಣ್ಣ ಹೊಡೆತ, ತ್ರಿಕೋಣ ಒತ್ತಿದರೆ ದೊಡ್ಡ ಹೊಡೆತ. 2018ರಲ್ಲಿ ಅದೇ ಹೆಸರಿನ ಆಟ ಆರ್‌ಪಿಜಿಯ ಬಣ್ಣ ಬಳಿದುಕೊಂಡು ಬಂದಾಗ ಹೊಡೆತ ರಿಮೋಟಿನ ನೆತ್ತಿಯ ಮೇಲಿನ ಆರ್1, ಆರ್2ಕ್ಕೆ ಹೋಗಿತ್ತು. ಮೊದಲ ದಿನವೇ ಒಬ್ಬ ಎದ್ದು ಬಂದ. ‘ಅಣ್ಣಾ, ಈ ಡಿಸ್ಕ್ ಡೂಪ್ಲಿಕೇಟ್ ಅದ.’

ಡಿಸ್ಕು ಅಸಲಿಯೇ ಆಗಿತ್ತು. ಹೊಸ ಆಟದಲ್ಲಿ ಕ್ಯಾಮೆರಾ ಹೆಗಲ ಹಿಂದೆಯೇ ಇರುತ್ತದೆ, ಅದನ್ನು ತಿರುಗಿಸುವುದು ರಿಮೋಟಿನ ಬಲಗಡೆಯ ಕಡ್ಡಿ. ಹೊಡೆಯಲು ಹೆಬ್ಬೆರಳು ಡಬ್ಬಿಗೆ ಹೋದರೆ ಕಡ್ಡಿ ಬಿಡಬೇಕು, ಆ ಹೊತ್ತಿಗೆ ಕಣ್ಣು ಕುರುಡು. ಹೊಡೆತವನ್ನು ತೋರುಬೆರಳಿಗೆ ಕೊಟ್ಟರೆ ಹೆಬ್ಬೆರಳು ಕಡ್ಡಿಯ ಮೇಲೇ ಉಳಿಯುತ್ತದೆ. 2009ರ ಡೀಮನ್ಸ್ ಸೋಲ್ಸ್ ಆಟದಲ್ಲೂ ಹೀಗೇ ಇತ್ತು. ಅಲ್ಲಿ ಬಲ ಬಟನ್ ಎಂದರೆ ಬಲಗೈಯ ಕತ್ತಿ, ಎಡ ಬಟನ್ ಎಂದರೆ ಎಡಗೈಯ ಗುರಾಣಿ. ಇಷ್ಟು ಹೇಳಿದ ಮೇಲೆ ಆ ಹುಡುಗ ಒಪ್ಪಿದ. ಅವನ ಕೈ ಒಪ್ಪಲು ಮಾತ್ರ ಎರಡು ವಾರ ಹಿಡಿಯಿತು.

ಜಪಾನಿನ ಪ್ಲೇಸ್ಟೇಷನ್‌ನಲ್ಲಿ ದಶಕಗಟ್ಟಲೆ ಸೊನ್ನೆಯ ಬಟನ್ ಎಂದರೆ ‘ಹೌದು’, ಇಂಟುವಿನ ಬಟನ್ ಎಂದರೆ ‘ಬೇಡ’ ಆಗಿತ್ತು. ಹೊರಗಿನ ದೇಶಗಳಲ್ಲಿ ಇಂಟು ಒತ್ತಿದರೇ ‘ಹೌದು’. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರೂ ಇಂಟುವಿಗೆ ಬದಲಾಗಬೇಕಾಯಿತು. ಒಂದು ದೇಶದ ಹೆಬ್ಬೆರಳಿಗೇ ಹೊಸ ಪಾಠವಾದ ಮೇಲೆ ಶಹಾಪುರದ ಹುಡುಗನನ್ನು ಏನು ಬೈಯುವುದು? ಅದಕ್ಕೇ ಈಗ ಜಗಳ ಬಂದರೆ ಯಾರು ಸರಿ ಎಂದು ಕೇಳುವುದಿಲ್ಲ. ‘ತಮ್ಮಾ, ಮೊದ್ಲ ಎದ್ರಾಗ ಆಡಿದಿ?’ ಎಂದು ಕೇಳುತ್ತೇನೆ.

2. ಹುಡುಗನನ್ನು ಬೈಯುವ ಮೊದಲು ಮಷೀನು ನೋಡು

ಈ ಪಾಠ ಕಲಿಯಲು ಒಬ್ಬ ಗಿರಾಕಿಯನ್ನು ಕಳೆದುಕೊಂಡೆ. ಸುರಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗ. ಎದುರಾಳಿಯ ಹೊಡೆತಕ್ಕೆ ಸರಿಯಾಗಿ ತಡೆ ಕೊಟ್ಟೆ ಎನ್ನುತ್ತಿದ್ದ, ಪ್ರತಿ ಸಲ ಸಾಯುತ್ತಿದ್ದ. ‘ಟೈಮಿಂಗ್ ಇಲ್ಲ ನಿನಗ, ಸುಮ್ನ ರಿಮೋಟ್ ಮ್ಯಾಲ ಹಾಕಬ್ಯಾಡ’ ಎಂದು ನಾಲ್ಕು ಜನರ ಮುಂದೆ ಅಂದೆ. ಅವತ್ತು ರಾತ್ರಿ ಅಂಗಡಿ ಮುಚ್ಚುವಾಗ ನಾನೇ ಕೂತು ಆಡಿದೆ. ತಡವಾಗುತ್ತಿದ್ದುದು ಟೀವಿ. ಸಿನಿಮಾ ನೋಡಲು ಯಾರೋ ಚಿತ್ರದ ಸೆಟ್ಟಿಂಗ್ ಬದಲಿಸಿದ್ದರು. ಚಿತ್ರವನ್ನು ನುಣ್ಣಗೆ ಮಾಡುವ ಆ ಸೆಟ್ಟಿಂಗಿನಲ್ಲಿ ಟೀವಿ ಪ್ರತಿ ಚಿತ್ರವನ್ನೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ತೋರಿಸುತ್ತದೆ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಒಂದು ಚಿತ್ರದ ಆಯುಸ್ಸು 16.7 ಮಿಲಿಸೆಕೆಂಡು. ಟೀವಿ 100 ಮಿಲಿಸೆಕೆಂಡು ತಡ ಮಾಡಿದರೆ ಆರು ಚಿತ್ರ ಹೋದಂತೆ. ಹುಡುಗ ಕಂಡ ಕತ್ತಿ ಆಗಲೇ ಅವನನ್ನು ಕಡಿದು ಹೋಗಿರುತ್ತಿತ್ತು.

ಗೇಮ್ ಮೋಡ್ ಹಾಕಿದೆ, ಸರಿಹೋಯಿತು. ಆ ಹುಡುಗ ಮತ್ತೆ ಬರಲಿಲ್ಲ.

ಅಂದಿನಿಂದ ನಾಲ್ಕು ತಪಾಸಣೆ ಮಾಡದೆ ಬಾಯಿ ಬಿಡುವುದಿಲ್ಲ. ಟೀವಿ ಗೇಮ್ ಮೋಡಿನಲ್ಲಿದೆಯೇ? ಬ್ಲೂಟೂತ್ ಬಿಟ್ಟು ವೈರ್ ಹಾಕಿದರೆ ವ್ಯತ್ಯಾಸವಾಗುತ್ತದೆಯೇ? ಇನ್ನೊಂದು ರಿಮೋಟಿನಲ್ಲೂ ಹೀಗೇ ಆಗುತ್ತದೆಯೇ? ಕಂಪ್ಯೂಟರಾದರೆ ಕೀಬೋರ್ಡ್ ಮೂರು ಕೀಲಿಯನ್ನು ಒಟ್ಟಿಗೆ ಹಿಡಿಯುತ್ತದೆಯೇ? ಕಡೆಯದು ಬಹಳ ಜನಕ್ಕೆ ಗೊತ್ತಿಲ್ಲ. ಅಗ್ಗದ ಕೀಬೋರ್ಡುಗಳಲ್ಲಿ ಒಟ್ಟಿಗೆ ಒತ್ತಿದ ಎರಡು ಕೀಲಿಗಷ್ಟೇ ಖಾತರಿ; ಮೂರನೆಯದು ಕೆಲವು ಜೋಡಿಗಳಲ್ಲಿ ಮಾಯ. ಮೂಲೆಗೆ ಓಡುತ್ತಾ ಜಿಗಿಯಲು ಒತ್ತಿದರೆ ಜಿಗಿತ ಬರುವುದಿಲ್ಲ. ಯಾದಗಿರಿಯಲ್ಲಿ ಒಂದು ತಿಂಗಳ ಜಗಳ ಎರಡು ಕೀಬೋರ್ಡ್ ಬದಲಿಸಿದ ಕೂಡಲೇ ಮುಗಿಯಿತು.

ನಮ್ಮ ಕಡೆಗೆ ಇನ್ನೊಂದು ವಿಶೇಷ ರೋಗವಿದೆ, ಹತ್ತಿ. ಹತ್ತಿ ಬಿಡಿಸುವ ಕಾಲಕ್ಕೆ ಶಹಾಪುರದ ರಸ್ತೆಯ ಮೇಲೆ ಹತ್ತಿಯ ಗಾಡಿ ಸಾಲುಗಟ್ಟಿ ಹೋಗುತ್ತವೆ, ಗಾಳಿಯಲ್ಲಿ ಎಳೆ ತೇಲುತ್ತದೆ. ರಿಮೋಟ್ ಬಿಚ್ಚಿದರೆ ಕಡ್ಡಿಯ ಬುಡಕ್ಕೆ ಎಳೆ ಸುತ್ತಿಕೊಂಡು, ಅದರ ಮೇಲೆ ಧೂಳು ಕೂತು ಕಂಬಳಿಯಂತಾಗಿರುತ್ತದೆ. ಯಾರೂ ಮುಟ್ಟದಿದ್ದರೂ ಪಾತ್ರ ತಾನೇ ಎಡಕ್ಕೆ ನಡೆಯುತ್ತದೆ. ‘ದೆವ್ವ ಬಡದದ’ ಎನ್ನುತ್ತಾರೆ ಹುಡುಗರು. ದೆವ್ವ ಬಿಡಿಸಲು ಬ್ರಷ್ಷು ಮತ್ತು ಸ್ಪಿರಿಟ್ ಸಾಕು. ಕಡ್ಡಿಯ ಒಳಗಿನ ಪಟ್ಟಿ ಸವೆದಿದ್ದರೆ ಮಾತ್ರ ಕಡ್ಡಿಯನ್ನೇ ಬದಲಿಸಬೇಕು.

3. ಒತ್ತುವುದು ಬೇರೆ, ಬಿಡುವುದು ಬೇರೆ

ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್ ಆಟಗಳಲ್ಲಿ ಓಡುವುದಕ್ಕೂ ಉಳ್ಳುವುದಕ್ಕೂ, ಅಂದರೆ ಉರುಳಿ ತಪ್ಪಿಸಿಕೊಳ್ಳುವುದಕ್ಕೂ, ಒಂದೇ ಬಟನ್, ಸೊನ್ನೆ. ಒತ್ತಿ ಹಿಡಿದರೆ ಓಟ, ತಟ್ಟಿ ಬಿಟ್ಟರೆ ಉಳ್ಳು. ನೀವು ಯಾವುದನ್ನು ಮಾಡುತ್ತೀರಿ ಎಂದು ಆಟಕ್ಕೆ ತಿಳಿಯುವುದು ಬೆರಳು ಎತ್ತಿದ ಮೇಲೆ. ಹಾಗಾಗಿ ಉಳ್ಳಾಟ ಶುರುವಾಗುವುದು ಬಟನ್ ಒತ್ತಿದಾಗಲ್ಲ, ಬಿಟ್ಟಾಗ.

ಹೆದರಿದ ಕೈ ಏನು ಮಾಡುತ್ತದೆ? ಬಿಗಿಯುತ್ತದೆ. ರಾಕ್ಷಸ ಗದೆ ಎತ್ತಿದ ಕೂಡಲೇ ಹುಡುಗ ಸೊನ್ನೆಯನ್ನು ಗಟ್ಟಿಯಾಗಿ ಅಮುಕಿ ಹಿಡಿಯುತ್ತಾನೆ, ಪಾತ್ರ ಉಳ್ಳುವುದಿಲ್ಲ. ‘ಕಾಕಾ, ನಾ ಮೊದ್ಲೇ ಒತ್ತೀನಿ, ದೇವ್ರಾಣಿ’ ಎನ್ನುತ್ತಾನೆ. ಅವನು ಹೇಳುವುದೂ ಖರೆ.

ಇದನ್ನು ತಿಳಿಸಲು ಬಹಳ ದಿನ ಒದ್ದಾಡಿದೆ. ಕಡೆಗೆ ಬಾಯಿಗೆ ಬಂದದ್ದು ಕವಣೆ. ನಮ್ಮ ಹೊಲಗಳಲ್ಲಿ ಜೋಳ ಹಾಲುಗಟ್ಟಿದಾಗ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸಲು ಬೀಸುತ್ತಾರಲ್ಲ, ಅದು. ‘ಕವಣಿ ಕಲ್ಲು ಯಾವಾಗ ಹೋಗತದಲೇ?’ ಎಂದು ಕೇಳಿದೆ. ‘ಹಗ್ಗದ ತುದಿ ಬಿಟ್ಟಾಗರಿ.’ ‘ಇದೂ ಹಂಗ.’ ಮರುಕ್ಷಣ ಅವನು ಉಳ್ಳಿದ. ಹೊಲ ಕಂಡ ಹುಡುಗರಿಗೆ ಈಗ ಇದೊಂದೇ ಮಾತು ಹೇಳುತ್ತೇನೆ.

4. ಬೀಸಿದ ಕತ್ತಿ ಅರ್ಧಕ್ಕೆ ವಾಪಸ್ ಬರುವುದಿಲ್ಲ

ಆಟ ಮಾಡುವವರಲ್ಲೇ ಎರಡು ಪಂಥ. ಒಂದರಲ್ಲಿ ಹೊಡೆತ ಅರ್ಧದಲ್ಲಿದ್ದರೂ ಜಿಗಿದು ತಪ್ಪಿಸಿಕೊಳ್ಳಬಹುದು. ಕೈ ಎಷ್ಟು ಚುರುಕೋ ಆಟವೂ ಅಷ್ಟು ಚುರುಕು. ಇನ್ನೊಂದರಲ್ಲಿ ಕೊಡಲಿ ಎತ್ತಿದ ಮೇಲೆ ಇಳಿಸಲೇಬೇಕು. ಮಧ್ಯೆ ಏನು ಒತ್ತಿದರೂ ಕೇಳುವುದಿಲ್ಲ. ಮೊದಲ ಪಂಥದಲ್ಲಿ ಬೆಳೆದವನಿಗೆ ಎರಡನೆಯದು ‘ಲ್ಯಾಗ್’ ಎನಿಸುತ್ತದೆ. ಎರಡನೆಯದರಲ್ಲಿ ಬೆಳೆದವನಿಗೆ ಮೊದಲನೆಯದು ಹುಡುಗಾಟಿಕೆ.

ಎರಡನೆಯ ಪಂಥದಲ್ಲಿ ಇನ್ನೊಂದು ಗುಟ್ಟಿದೆ. ನೀವು ಅವಸರದಲ್ಲಿ ಒತ್ತಿದ್ದನ್ನು ಆಟ ಮರೆಯುವುದಿಲ್ಲ, ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಪೆಟ್ಟು ತಿಂದು ಬಿದ್ದಾಗ ಗಾಬರಿಯಲ್ಲಿ ಮದ್ದಿನ ಬಟನ್ ಒತ್ತಿದರೆ, ಎದ್ದು ನಿಂತ ಕೂಡಲೇ ಪಾತ್ರ ಮದ್ದು ಕುಡಿಯಲು ಹೋಗುತ್ತದೆ. ಆಗ ಇನ್ನೊಂದು ಪೆಟ್ಟು. ‘ನಾ ಈಗ ಒತ್ತೇ ಇಲ್ಲ’ ಎಂದು ಹುಡುಗ ಕೂಗುತ್ತಾನೆ. ಹೌದು, ಈಗ ಒತ್ತಲಿಲ್ಲ. ಆಗ ಒತ್ತಿದ್ದ.

ನಮ್ಮ ದೊಡ್ಡಪ್ಪ ಗರಡಿಮನೆಯ ವಸ್ತಾದರು. ಒಮ್ಮೆ ಆಧಾರ್ ಝೆರಾಕ್ಸಿಗೆ ಬಂದವರು ಕರೆಂಟ್ ಹೋಗಿ ಬರುವವರೆಗೆ ಒಳಗೆ ಕೂತರು. ಕರೆಂಟ್ ಬಂದ ಮೇಲೂ ಏಳಲಿಲ್ಲ. ಒಬ್ಬ ಹುಡುಗ ಅದೇ ರಾಕ್ಷಸನಿಗೆ ಹತ್ತು ಸಲ ಸೋಲುವುದನ್ನು ನೋಡಿ ಹೇಳಿದರು: ‘ಲೇ ತಮ್ಮಾ, ಅವನ ಕೈ ನೋಡಬ್ಯಾಡ, ಭುಜ ನೋಡು. ಭುಜ ಎದ್ರ ಹೊಡ್ತ ಬಂತು. ಅಲ್ಲೀತನ ಕೈ ಕಟ್ಕೊಂಡು ಕೂಡು.’ ಕುಸ್ತಿಯಲ್ಲಿ ಡಾವು ಹಾಕಿದ ಮೇಲೆ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ, ಅದಕ್ಕೇ ಹಾಕುವ ಮೊದಲು ಕಾಯಬೇಕು ಎಂದರು. ಆಟ ಮಾಡಿದವರು ಅಂದುಕೊಂಡದ್ದೂ ಅದೇ ಇರಬೇಕು. ಅವರ ದೈತ್ಯರೆಲ್ಲ ಹೊಡೆಯುವ ಮೊದಲು ಭುಜ ಎತ್ತುತ್ತಾರೆ.

ಹಾಗಂತ ಪ್ರತಿ ದೂರೂ ಆಡುವವನ ತಪ್ಪಲ್ಲ. 2015ರ ಮೇ ತಿಂಗಳಲ್ಲಿ ಬಂದ ವಿಚರ್ 3ರಲ್ಲಿ ನಾಯಕ ನಿಲ್ಲಿಸಿದ ಮೇಲೂ ಎರಡು ಹೆಜ್ಜೆ ಜಾರುತ್ತಾನೆ, ತಿರುಗಲು ಎತ್ತಿನಗಾಡಿಯಷ್ಟು ಜಾಗ ಬೇಕು ಎಂದು ಲೋಕವೆಲ್ಲ ದೂರಿತು. ಜುಲೈ ತಿಂಗಳ ತಿದ್ದುಪಡಿಯಲ್ಲಿ ಕಂಪನಿ ಬೇರೊಂದು ನಡಿಗೆಯನ್ನೇ ಸೇರಿಸಿತು. ಹಳೆಯದನ್ನು ತೆಗೆಯಲಿಲ್ಲ, ಬೇಕಾದವರು ಬೇಕಾದ್ದು ಆರಿಸಿಕೊಳ್ಳಲಿ ಎಂದು ಎರಡನ್ನೂ ಇಟ್ಟಿತು.

5. ಉಳ್ಳಿದವನು ಹೇಡಿಯಲ್ಲ

ಗುರಾಣಿ ಹಿಡಿದು ನಿಲ್ಲುವವರು, ಹೊಡೆತಕ್ಕೆ ಕತ್ತಿ ಕೊಟ್ಟು ತಿರುಗಿಸುವವರು, ಉಳ್ಳಿ ತಪ್ಪಿಸಿಕೊಳ್ಳುವವರು ಎಂದು ಮೂರು ಗುಂಪು. 2019ರ ಸೆಕಿರೋ ಬಂದ ಮೇಲೆ ಎರಡನೆಯ ಗುಂಪಿಗೆ ಸೊಕ್ಕು ಬಂತು. ಅದು ಹಿಂದೆ ಸರಿಯುವವನನ್ನು ಗೆಲ್ಲಿಸುವ ಆಟವಲ್ಲ; ಎದುರಾಳಿಯ ಮೈಮೇಲೆ ಬಿದ್ದು ಹೊಡೆತಕ್ಕೆ ಹೊಡೆತ ಕೊಟ್ಟು ಅವನ ನಿಲುವು ಮುರಿಯಬೇಕು. ಅದನ್ನು ಮುಗಿಸಿದವನೊಬ್ಬ ಎಲ್ಡನ್ ರಿಂಗಿನಲ್ಲಿ ಉಳ್ಳುವವರನ್ನೆಲ್ಲ ‘ಅಂಜುಬುರುಕ’ ಎನ್ನತೊಡಗಿದ.

ಉತ್ತರ ಕೊಟ್ಟದ್ದು ಸುರಪುರದ ಹುಡುಗ. ‘ವಾಗಣಗೇರಾ ಗೊತ್ತೇನು ನಿನಗ?’ ಎಂದ. 1705ರಲ್ಲಿ ಔರಂಗಜೇಬನೇ ದಂಡು ಕಟ್ಟಿಕೊಂಡು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಬೇಡ ನಾಯಕರು ಸಾಧ್ಯವಾದಷ್ಟು ದಿನ ಕಾದಾಡಿದರು. ಇನ್ನಾಗದು ಎನಿಸಿದಾಗ ಕೋಟೆ ಬಿಟ್ಟು ಜಾರಿಕೊಂಡರು. ಬಾದಶಹನ ಕೈಗೆ ಸಿಕ್ಕಿದ್ದು ನಾಯಕರಿಲ್ಲದ ಕೋಟೆ. 1707ರಲ್ಲಿ ಅವನೇ ತೀರಿಕೊಂಡ. ಆ ನಾಯಕರ ಸುರಪುರದ ಸಂಸ್ಥಾನ 1858ರ ತನಕ ನಡೆಯಿತು. ‘ಅವ್ರು ಉಳ್ಳಿದ್ರು, ಉಳದ್ರು’ ಎಂದ ಹುಡುಗ. ಅದರ ಮೇಲೆ ಯಾರೂ ಮಾತಾಡಲಿಲ್ಲ.

ನನ್ನ ಪಾಠ ಇಷ್ಟೇ: ತಪ್ಪಿಸಿಕೊಳ್ಳುವ ದಾರಿ ಆಟದಲ್ಲಿ ಇಟ್ಟಿದ್ದಾರೆ ಎಂದರೆ ಅದೂ ಒಂದು ಪಟ್ಟು. ಅದನ್ನು ಬಳಸಿದವನಿಗೆ ಬಿರುದು ಕೊಡುವುದು ಬೇಡ, ಬೈಗುಳವೂ ಬೇಡ.

6. ಒಂದೇ ಕ್ಲಿಕ್ಕಿಗೆ ಎರಡು ಕೆಲಸ ಕೊಟ್ಟರೆ ಜಗಳ ಕಟ್ಟಿಟ್ಟದ್ದು

ಯಾದಗಿರಿಯ ಅಂಗಡಿಯಲ್ಲಿ ಡಯಾಬ್ಲೋದ್ದೇ ರಾಜ್ಯ. 1997ರ ಆರಂಭದಲ್ಲಿ ಲೋಕಕ್ಕೆ ಹಬ್ಬಿದ ಆ ಆಟವನ್ನು ಮೊದಲು ಸರದಿಯ ಆಟವೆಂದೇ ಯೋಚಿಸಿದ್ದರು. ಆಮೇಲೆ ಬಿಡುವಿಲ್ಲದ ಆಟ ಮಾಡಿದರು. ನೆಲದ ಮೇಲೆ ಕ್ಲಿಕ್ ಮಾಡಿದರೆ ನಡೆಯುತ್ತಾನೆ, ರಾಕ್ಷಸನ ಮೇಲೆ ಕ್ಲಿಕ್ ಮಾಡಿದರೆ ಹೊಡೆಯುತ್ತಾನೆ. ಒಂದು ಕೈ, ಒಂದು ಬೆರಳು, ಇನ್ನೊಂದು ಕೈಯಲ್ಲಿ ಮಂಡಕ್ಕಿ. ಅದರ ಸುಖವೇ ಬೇರೆ.

ತೊಂದರೆ ಬರುವುದು ರಾಕ್ಷಸ ಕೂದಲೆಳೆ ಸರಿದಾಗ. ಕ್ಲಿಕ್ಕು ನೆಲಕ್ಕೆ ಬೀಳುತ್ತದೆ, ಬಾಣ ಬಿಡಬೇಕಾದವನು ತಾನೇ ನಡೆದು ಗುಂಪಿನ ನಡುವೆ ನಿಲ್ಲುತ್ತಾನೆ. ನಿಂತಲ್ಲೇ ಹೊಡೆಯಲು ಶಿಫ್ಟ್ ಹಿಡಿಯಬೇಕು ಎಂದು ಹಳಬರು ಉಪದೇಶ ಮಾಡುತ್ತಾರೆ. ಹೊಸಬರಿಗೆ ಅದು ಕಾಟ. 2013ರಲ್ಲಿ ಡಯಾಬ್ಲೋ 3 ಟೀವಿಯ ಮಷೀನುಗಳಿಗೆ ಬಂದಾಗ ನಡೆಯುವುದು ಎಡ ಕಡ್ಡಿಗೆ ಹೋಯಿತು, ಬಲ ಕಡ್ಡಿ ಅಲ್ಲಾಡಿಸಿದರೆ ಉಳ್ಳು ಬಂತು. 2024ರ ಡಿಸೆಂಬರಿನಲ್ಲಿ ಅದೇ ಜಾತಿಯ ಪಾತ್ ಆಫ್ ಎಕ್ಸೈಲ್ 2 ಬಂದಾಗ ಕಂಪ್ಯೂಟರಿನಲ್ಲೂ ಕೀಲಿಯಿಂದ ನಡೆದು ಮೌಸಿನಿಂದ ಗುರಿಯಿಡುವ ದಾರಿ ತೆರೆಯಿತು. ಕಾಲು ಎಡಗೈಗೆ, ಕಣ್ಣು ಬಲಗೈಗೆ.

ಸಡ್ಡಕನ ಅಂಗಡಿ ಅಂದೇ ಇಬ್ಭಾಗವಾಯಿತು. ಹಳಬರು ‘ಕ್ಲಿಕ್ಕಿಲ್ಲದ ಡಯಾಬ್ಲೋ ಜಾತಿಯೇ ಅಲ್ಲ’ ಎಂದರು. ಕಿರಿಯರು ‘ನಿಮ್ ಮೌಸು ನಿಮಗಿರಲಿ’ ಎಂದರು. ಸಡ್ಡಕ ನನಗೆ ಫೋನ್ ಮಾಡಿ ನ್ಯಾಯ ಕೇಳಿದ. ‘ಎರಡೂ ಇಡು, ಮಧ್ಯಾಹ್ನ ನೀನೇ ಒಂದೊಂದು ತಾಸು ಎರಡರಾಗೂ ಆಡು’ ಎಂದೆ. ಸಂಜೆಗೆ ಅವನೇ ಹೇಳಿದ: ದೂರದಿಂದ ಬಾಣ ಹೊಡೆಯುವ ಪಾತ್ರಕ್ಕೆ ಕೀಲಿ ಹಗುರ, ನಿಧಾನಕ್ಕೆ ನಡೆದು ಸಾಮಾನು ಆರಿಸುವಾಗ ಮೌಸು ಹಗುರ. ಇಪ್ಪತ್ತು ಜನ ವಾರ ಕಾದಾಡಿದ್ದು ಎರಡು ತಾಸಿನಲ್ಲಿ ತೀರಿತು.

7. ಗಾಜಿಗೆ ಅಂಚಿಲ್ಲ

ಫೋನಿನಲ್ಲಿ ಆಡುವವರನ್ನು ನಾನು ಬಹಳ ವರ್ಷ ಕೀಳಾಗಿ ಕಂಡೆ. ಆ ಅಹಂಕಾರ ಇಳಿಸಿದವನು ಗುಳೆಯಿಂದ ಬಂದ ಹುಡುಗ. ನಮ್ಮ ಜಿಲ್ಲೆಯಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುವುದು ಎಲ್ಲರಿಗೂ ಗೊತ್ತಿರುವುದೇ. ಅವನು ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಅಪ್ಪನ ಫೋನಿನಲ್ಲೇ ಶ್ಯಾಡೋ ಫೈಟ್ 2 ಆಡಿ ಬೆಳೆದವನು. ಎಡ ಹೆಬ್ಬೆರಳಿಗೆ ಚಕ್ರ, ಬಲ ಹೆಬ್ಬೆರಳಿಗೆ ಮುಷ್ಟಿ ಮತ್ತು ಕಾಲು. ಅಷ್ಟರಲ್ಲೇ ಕತ್ತಿ, ಕವಚ, ಮಟ್ಟ ಎಲ್ಲ ಏರಿಸಿಕೊಂಡಿದ್ದ. ಯುಗಾದಿಗೆ ಊರಿಗೆ ಬಂದವನು ನನ್ನ ಅಂಗಡಿಯಲ್ಲಿ ಮೊದಲ ಸಲ ರಿಮೋಟ್ ಹಿಡಿದು ಸೋತ. ಎಲ್ಲರೂ ನಕ್ಕರು. ಅವನು ತನ್ನ ಫೋನ್ ತೆಗೆದು, ‘ಇದ್ರಾಗ ಬರ್ರಿ’ ಎಂದ. ಒಬ್ಬರೂ ಗೆಲ್ಲಲಿಲ್ಲ.

ರಿಮೋಟಿನ ಬಟನ್ನಿಗೆ ಅಂಚಿದೆ. ನೋಡದೆಯೇ ಬೆರಳಿಗೆ ತಿಳಿಯುತ್ತದೆ. ಗಾಜಿಗೆ ಅಂಚಿಲ್ಲ. ಹೆಬ್ಬೆರಳು ಎರಡು ಮಿಲಿಮೀಟರ್ ಸರಿದರೆ ಹೊಡೆತ ಗಾಳಿಗೆ. ಅದರ ಮೇಲೆ ನಮ್ಮ ಮೇ ತಿಂಗಳು. ಬೆವರಿದ ಬೆರಳು ಗಾಜಿಗೆ ಅಂಟುತ್ತದೆ, ಬಿಸಿಯಾದ ಫೋನು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಸೆಕೆಂಡಿಗೆ 60 ಚಿತ್ರ 30ಕ್ಕೆ ಇಳಿಯಿತೆಂದರೆ ಬೆಳಿಗ್ಗೆ ಕಲಿತ ಟೈಮಿಂಗ್ ಮಧ್ಯಾಹ್ನಕ್ಕೆ ಸುಳ್ಳು. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ನಿಷೇಧವಾಯಿತು, ಅದೇ ತಿಂಗಳ 28ಕ್ಕೆ ಗೆನ್ಶಿನ್ ಇಂಪ್ಯಾಕ್ಟ್ ಬಂತು. ಸುರಪುರದಲ್ಲಿ ಕೆಲವರು ಆ ಕಡೆ ವಾಲಿದರು. ಆ ಭಾರಕ್ಕೆ ಅರ್ಧ ಫೋನು ದೋಸೆಯ ಹಂಚಾದವು. ಗೆಳೆಯ ಕಂಡುಕೊಂಡ ಉಪಾಯ ಸರಳ: ಚಿತ್ರದ ಗುಣಮಟ್ಟ ಇಳಿಸು, ದಪ್ಪ ಕವರ್ ತೆಗಿ, ಚಾರ್ಜಿಗೆ ಹಾಕಿಕೊಂಡು ಆಡಬೇಡ, ಬಟನ್ ಜಾಗ ಬದಲಿಸಲು ಬಿಡುವ ಆಟವಾದರೆ ನಿನ್ನ ಹೆಬ್ಬೆರಳು ತಾನಾಗಿ ಬೀಳುವಲ್ಲಿಗೆ ತಂದಿಡು.

8. ಓದದ ಸಾಲಿನಲ್ಲೇ ಅರ್ಧ ಜಗಳ

ನನ್ನ ಅಂಗಡಿಯ ಒಂದು ಆಟದಲ್ಲೂ ಕನ್ನಡವಿಲ್ಲ. ಕಲಿಸುವ ಪಾಠವೆಲ್ಲ ಇಂಗ್ಲಿಷಿನಲ್ಲಿ ಬಂದು ಹೋಗುತ್ತದೆ. ಹುಡುಗರು ಇಂಟು ಒತ್ತಿ ಅದನ್ನು ದಾಟಿಸುತ್ತಾರೆ. ಆಮೇಲೆ ಅರ್ಧ ಆಟಕ್ಕೆ ಬಂದು ‘ಇದ್ರಾಗ ತಡಿಯೋದೇ ಇಲ್ಲ’ ಎನ್ನುತ್ತಾರೆ. ತಟ್ಟುವುದು, ಒತ್ತಿ ಹಿಡಿಯುವುದು, ಎರಡನ್ನು ಒಟ್ಟಿಗೆ ಒತ್ತುವುದು ಇವೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಪದದ ವ್ಯತ್ಯಾಸ. ಆ ಪದ ತಪ್ಪಿದರೆ ಕಂಟ್ರೋಲ್ ತಪ್ಪಿದಂತೆ.

ಇಂಗ್ಲಿಷ್ ಬಂದವರಿಗೂ ಒಮ್ಮೊಮ್ಮೆ ಇದೇ ಗತಿ. 2012ರಲ್ಲಿ ಡಾರ್ಕ್ ಸೋಲ್ಸ್ ಕಂಪ್ಯೂಟರಿಗೆ ಬಂದಾಗ ಕೀಬೋರ್ಡಿನಲ್ಲಿ ಆಡುವವನಿಗೂ ಪರದೆಯ ಮೇಲೆ ಎಕ್ಸ್‌ಬಾಕ್ಸ್ ರಿಮೋಟಿನ ಬಟನ್ನುಗಳನ್ನೇ ತೋರಿಸುತ್ತಿತ್ತು. ಮೌಸಿನಲ್ಲಿ ಆಡುವುದಂತೂ ಶಿಕ್ಷೆ. ಆಟಗಾರರೇ ತಿದ್ದುಪಡಿಯ ಕಡತ ಬರೆದು ಹಂಚಿಕೊಂಡರು.

ನಮ್ಮ ತಿದ್ದುಪಡಿ ಮಾಡಿದವಳು ಪಕ್ಕದ ಓಣಿಯ ಹೈಸ್ಕೂಲ್ ಹುಡುಗಿ. ಪ್ರಾಜೆಕ್ಟ್ ಪ್ರಿಂಟಿಗೆ ಬಂದವಳು ತಮ್ಮನನ್ನು ಎಳೆದೊಯ್ಯಲು ಒಳಗೆ ಇಣುಕಿ, ಅವನು ದಾಟಿಸುತ್ತಿದ್ದ ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದಳು. ನಾನೇ ಕೇಳಿಕೊಂಡೆ. ಎರಡು ಭಾನುವಾರ ಕೂತು ಐದು ಆಟದ ಬಟನ್ ಪಟ್ಟಿಯನ್ನು ದುಂಡಗೆ ಬರೆದುಕೊಟ್ಟಳು: ‘ಸೊನ್ನಿ ತಟ್ಟು, ಉಳ್ಳು. ಸೊನ್ನಿ ಹಿಡಿ, ಓಡು. ಎಲ್1 ಹಿಡಿ, ಗುರಾಣಿ.’ ಅದನ್ನು ಲ್ಯಾಮಿನೇಷನ್ ಮಾಡಿ ಪ್ರತಿ ಟೀವಿಯ ಕೆಳಗೆ ಅಂಟಿಸಿದ್ದೇನೆ. ನಾನು ದುಡ್ಡು ಸುರಿದು ತಂದ ಯಾವ ರಿಮೋಟಿಗಿಂತಲೂ ಆ ಐದು ಹಾಳೆ ಹೆಚ್ಚು ಜಗಳ ನಿಲ್ಲಿಸಿವೆ.

9. ಒಬ್ಬನೇ ಆಡುವಾಗ ಸಲೀಸು. ಪಂದ್ಯಕ್ಕೆ ಮೊದಲೇ ಕರಾರು

ರಾಶಿ ಮಾಡುವ ಯಂತ್ರಕ್ಕೆ ಬಲಗೈಯ ಎರಡು ಬೆರಳು ಕೊಟ್ಟ ಒಬ್ಬ ಯುವಕ ನಮ್ಮಲ್ಲಿ ಬರುತ್ತಾನೆ. ಆರ್1, ಆರ್2 ಅವನಿಗೆ ಸಿಗುವುದಿಲ್ಲ. ಹೊಡೆತವನ್ನು ಡಬ್ಬಿಗೆ, ಉಳ್ಳನ್ನು ಎಡಗೈಗೆ ಬದಲಿಸಿಕೊಟ್ಟೆ. ಅವನು ಗೆಲ್ಲತೊಡಗಿದ ಮೇಲೆ ಗೊಣಗಾಟ ಶುರು: ‘ಕಾಕಾ, ಅದು ಮೋಸ.’ ಅವನು ಸೋಲುತ್ತಿದ್ದಾಗ ಯಾರಿಗೂ ಮೋಸ ಕಂಡಿರಲಿಲ್ಲ.

ದೊಡ್ಡ ಕಂಪನಿಗಳೂ ಈ ವಾದ ದಾಟಿ ಬಂದಿವೆ. ಸೆಕಿರೋ ಬಂದಾಗ ಸುಲಭದ ಆಯ್ಕೆ ಇರಬೇಕೋ ಬೇಡವೋ ಎಂದು ಲೋಕದಾದ್ಯಂತ ಕಚ್ಚಾಟವಾಯಿತು. 1997ರಲ್ಲಿ ಸರದಿಯ ಆಟವಾಗಿದ್ದ ಫೈನಲ್ ಫ್ಯಾಂಟಸಿ 7 ಅನ್ನು 2020ರಲ್ಲಿ ಕೈಯಾಟವಾಗಿ ಹೊಸದು ಮಾಡಿದಾಗ, ಹೊಡೆತವನ್ನು ಆಟವೇ ನೋಡಿಕೊಂಡು ನಾವು ಅಪ್ಪಣೆ ಮಾತ್ರ ಕೊಡುವ ‘ಕ್ಲಾಸಿಕ್’ ಬಗೆಯನ್ನೂ ಇಟ್ಟರು. 2023ರ ಫೈನಲ್ ಫ್ಯಾಂಟಸಿ 16ರಲ್ಲಿ ಪಾತ್ರಕ್ಕೆ ಉಂಗುರ ತೊಡಿಸಿದರೆ ಸಾಕು. ಒಂದು ಉಂಗುರ ಹೊಡೆತದಿಂದ ತಾನೇ ತಪ್ಪಿಸುತ್ತದೆ, ಇನ್ನೊಂದು ಪೆಟ್ಟು ಬೀಳುವ ಮುನ್ನ ಹೊತ್ತನ್ನೇ ನಿಧಾನ ಮಾಡುತ್ತದೆ. ಮೈಕ್ರೋಸಾಫ್ಟ್ 2018ರಲ್ಲೇ ಅಂಗವಿಕಲರಿಗೆಂದು ದೊಡ್ಡ ಬಟನ್ನುಗಳ ಎಕ್ಸ್‌ಬಾಕ್ಸ್ ರಿಮೋಟ್ ತಂದಿತ್ತು.

ಒಬ್ಬನೇ ರಾಕ್ಷಸನ ಜೊತೆ ಆಡುವಾಗ ಏನು ಬೇಕಾದರೂ ಬದಲಿಸಿಕೋ, ಅದು ನಿನಗೂ ರಾಕ್ಷಸನಿಗೂ ಬಿಟ್ಟದ್ದು. ಪಂದ್ಯ ಬೇರೆ. ಜಾತ್ರೆಯ ರಜೆಯಲ್ಲಿ ಮೂರೂರ ಹುಡುಗರನ್ನು ಸೇರಿಸಿ, ಒಂದೇ ರಾಕ್ಷಸನನ್ನು ಯಾರು ಬೇಗ ಕೆಡವುತ್ತಾರೆ ಎಂಬ ಪಂದ್ಯ ಇಟ್ಟಿದ್ದೆ. ಮೌಸಿನವ, ರಿಮೋಟಿನವ, ತನ್ನದೇ ರಿಮೋಟ್ ತಂದವ, ಕ್ಯಾಮೆರಾ ಉಲ್ಟಾ ಇಟ್ಟುಕೊಂಡವ ಎಲ್ಲ ಸೇರಿ ಮಧ್ಯಾಹ್ನದೊಳಗೆ ಕುರ್ಚಿ ಎತ್ತಿದರು. ಈಗ ಕರಾರು ಮೂರೇ ಸಾಲು: ಎಲ್ಲರಿಗೂ ಒಂದೇ ಮಟ್ಟದ ಪಾತ್ರ, ಒಂದೇ ಟೀವಿ; ಬಟನ್ ಜಾಗ ಬದಲಿಸಲು ಎಲ್ಲರಿಗೂ ಹಕ್ಕುಂಟು; ತಾನಾಗಿ ಹೊಡೆಯುವ, ತಪ್ಪಿಸುವ ಸಹಾಯ ಯಾರಿಗೂ ಇಲ್ಲ, ಇದ್ದರೆ ಎಲ್ಲರಿಗೂ. ಸಹಿ ಹಾಕಿಯೇ ಕೂರಬೇಕು. ಸಹಿ ಹಾಕಿದ ಮೇಲೆ ಜಗಳ ನಿಂತಿಲ್ಲ, ಆದರೆ ಕುರ್ಚಿ ನೆಲದ ಮೇಲೇ ಇರುತ್ತದೆ.

10. ಅಂಗಡಿಯವನ ಕೈಯೂ ಒಂದು ಕೈ

ಹಂಚಿಕೊಂಡು ಆಡುವ ಮಷೀನಿನಲ್ಲಿ ಒಬ್ಬ ಸೆಟ್ಟಿಂಗ್ ಬದಲಿಸಿ ಎದ್ದರೆ ಮುಂದಿನವನಿಗೆ ಶಾಪ. ಅದಕ್ಕಾಗಿ ಒಂದು ಖಾತೆ ಪುಸ್ತಕ ಇಟ್ಟೆ, ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಂಥದ್ದು. ಒಬ್ಬರಿಗೆ ಒಂದು ಪುಟ. ‘ಕ್ಯಾಮೆರಾ ಉಲ್ಟಾ. ಉಳ್ಳು ಎಲ್1. ಅಲುಗಾಟ ಬಂದ್.’ ಕೂರುವ ಮೊದಲು ಪುಟ ತೆಗೆದು ಹಾಗೆ ಇಟ್ಟುಕೊಳ್ಳಬೇಕು, ಏಳುವಾಗ ‘ಅಂಗಡಿ ಸೆಟ್ಟಿಂಗ್’ಗೆ ವಾಪಸ್ ತರಬೇಕು.

ಒಂದು ಸಂಜೆ ಆ ಹೈಸ್ಕೂಲ್ ಹುಡುಗಿಯ ತಮ್ಮ ಪುಟ ತಿರುವುತ್ತ ಕೇಳಿದ: ‘ಕಾಕಾ, ಅಂಗಡಿ ಸೆಟ್ಟಿಂಗ್ ಅಂದ್ರ ಯಾರ ಸೆಟ್ಟಿಂಗ್?’

ನಾನು ಉತ್ತರ ಹುಡುಕಿದೆ. ಆಟದ ಕಂಪನಿ ಕೊಟ್ಟದ್ದು ಎಂದುಕೊಂಡಿದ್ದೆ. ತೆಗೆದು ನೋಡಿದರೆ ಹೊಡೆತ ಡಬ್ಬಿಗೆ, ದೊಡ್ಡ ಹೊಡೆತ ತ್ರಿಕೋಣಕ್ಕೆ. ಹೈದರಾಬಾದಿನಿಂದ ತಂದ ಆ ಹಳೆಯ ಮಷೀನಿನಲ್ಲಿ ರಾತ್ರಿ ಬಾಗಿಲು ಹಾಕಿಕೊಂಡು ನಾನು ಕಲಿತ ಕೈ ಅದು. 2018ರಲ್ಲಿ ಗಾಡ್ ಆಫ್ ವಾರ್ ಬಂದ ಮೇಲೆ ಹಳೆಯ ಬಟನ್ ಜೋಡಣೆಯನ್ನು ಆರಿಸಿಟ್ಟವನು ನಾನು. ಆಮೇಲೆ ಬಂದ ಬಹಳಷ್ಟು ಆಟಗಳಿಗೂ ಅದನ್ನೇ ಕೂರಿಸುತ್ತ ಹೋಗಿದ್ದೆ. ಹೊಸ ಹುಡುಗರು ‘ಕಂಟ್ರೋಲ್ ಸರಿ ಇಲ್ಲ’ ಎಂದು ಬಂದಾಗಲೆಲ್ಲ ಅವರಿಗೆ ಕೈ ಇಲ್ಲ ಎಂದು ತೀರ್ಪು ಕೊಟ್ಟಿದ್ದೆ. ಅವರು ಆಡುತ್ತಿದ್ದುದು ನನ್ನ ಕೈಯಲ್ಲಿ.

ಪುಸ್ತಕದ ಕೊನೆಯ ಖಾಲಿ ಪುಟ ತೆಗೆದು ಅವನ ಕೈಗೇ ಪೆನ್ನು ಕೊಟ್ಟೆ. ‘ಕಾಕಾ: ಹೊಡ್ತ ಡಬ್ಬಿ’ ಎಂದು ಬರೆದ. ಅದರ ಕೆಳಗೆ ಏನೋ ಗೀಚಿ ನಗುತ್ತ ಓಡಿಹೋದ. ಕನ್ನಡಕ ಏರಿಸಿ ಓದಿದೆ: ‘ಸೋತ್ರ ರಿಮೋಟ್ ಮ್ಯಾಲ ಹಾಕ್ತಾನ.’